ಕಾಟ್ಲಾನೋ ರೋಹುನೋ? ಬಾಯಿ ನೋಡ್ರಿ

ಸೂಳೆಕೆರೆ ಮೀನಿರಲಿ, ಮಾರಿಕಣಿವೆ ಮೀನಿರಲಿ, ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಗುರುತು ಹಿಡಿಯೋಕೆ ಬಣ್ಣ ನೋಡಬೇಡ್ರಿ, ಬಾಯಿ ನೋಡ್ರಿ. ಕೆಳದವಡೆ ಮುಂದೆ ಚಾಚಿ ಬಾಯಿ ಮೇಲ್ಮುಖ ಆಗಿದ್ದು, ಮೈಗೆ ಹೊಂದದಷ್ಟು ದೊಡ್ಡ ತಲೆ ಇದ್ರೆ ಅದು ಕಾಟ್ಲಾ. ಬಾಯಿ ಚಿಕ್ಕದು, ತುಸು ಕೆಳಕ್ಕೆ, ದಪ್ಪ ತುಟಿ, ಅಂಚು ಸೀರೆ ಕುಚ್ಚಿನ ಹಾಗೆ ಬೆರಳಿಗೆ ಸಿಕ್ಕಿದ್ರೆ ರೋಹು. ತುಟಿ ತೆಳು, ಕುಚ್ಚಿಲ್ಲ, ಮೈ ಬೆಳ್ಳಗೆ ನೀಳ ಅಂದ್ರೆ ಮೃಗಾಲ್. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತೇಲೋ ಸೂಕ್ಷ್ಮಜೀವಿ ತಿನ್ನುತ್ತೆ, ರೋಹು ನಡುನೀರಲ್ಲಿ ಮೇಯುತ್ತೆ, ಮೃಗಾಲ್ ತಳದಲ್ಲಿ ಕೊಳೆತದ್ದನ್ನ ಕೆದಕುತ್ತೆ. ಊಟ ಎಲ್ಲಿದೆಯೋ ಬಾಯಿ ಆ ಕಡೆ. ಬಣ್ಣ ಮಾತ್ರ ಕೆರೆಯಿಂದ ಕೆರೆಗೆ ಬೇರೆ, ಐಸಲ್ಲಿಟ್ಟ ಮೇಲಂತೂ ಎಲ್ಲಾ ಒಂದೇ. ಬಾಯಿಯ ಎರಡೂ ಪಕ್ಕ ಎರಡೆರಡು ಮೀಸೆ ಎದ್ದು ಕಂಡ್ರೆ ಈ ಮೂರೂ ಅಲ್ಲ, ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಅನ್ನೋ ಬೇರೆ ಮೀನು. ಬೆರಳುದ್ದದ ಮರಿಗಳಲ್ಲಿ ಈ ಗುರುತು ನಂಬೋ ಹಾಗಿಲ್ಲ. ಕಾಟ್ಲಾ-ರೋಹು ಬೆರಕೆ ತಳಿ ಸಿಕ್ಕಿದ್ರೂ ಅಷ್ಟೇ, ಲಕ್ಷಣ ಎರಡೂ ಕಡೆಯದು ಇರುತ್ತೆ. ತುಂಡು ಮಾಡಿಟ್ಟಿದ್ರಂತೂ ಏನೂ ಗೊತ್ತಾಗಲ್ಲ, ಕತ್ತರಿಸೋ ಮೊದಲೇ ತಲೆ ತೋರಿಸಪ್ಪ ಅನ್ರಿ.