ಕಂಪನಿ ರಿಜಿಸ್ಟರ್ ಮಾಡ್ಸೋಕೆ ಸರ್ಕಾರಕ್ಕೆ ಕಟ್ಟೋ ದುಡ್ಡು ಯಾವ್ಯಾವುದು?

ತಿಪಟೂರಲ್ಲಿ ಕೊಬ್ಬರಿ ಎಣ್ಣೆ ಗಾಣ ಇಟ್ಕೊಂಡಿರೋ ನಮ್ಮ ಭಾವ ಪ್ರೈವೇಟ್ ಲಿಮಿಟೆಡ್ ಮಾಡ್ಸೋಣ ಅಂತ ತುಮಕೂರಲ್ಲಿ ಒಬ್ರನ್ನ ವಿಚಾರಿಸಿದ್ರು, ಅವ್ರು "ಗೌರ್ಮೆಂಟ್ ಫೀಸು" ಅಂತ ಒಂದೇ ದೊಡ್ಡ ಮೊತ್ತ ಹೇಳ್ಬಿಟ್ರು, ಯಾವುದಕ್ಕೆ ಎಷ್ಟು ಅಂತ ಕೇಳಿದ್ರೆ ಉತ್ತರ ಇಲ್ಲ. ಆಮೇಲೆ ನಾವಿಬ್ರೂ ಕೂತು ಒಂದೊಂದಾಗಿ ಬಿಡಿಸಿ ನೋಡಿದ್ವಿ. ನಿಮಗೂ ಬೇಕಾಗ್ಬಹುದು ಅಂತ ಬರೀತಿದೀನಿ.

ಮೊದ್ಲು ಡಿಜಿಟಲ್ ಸಹಿ ಮಾಡಿಸ್ಕೋಬೇಕು. ಇದರ ದುಡ್ಡು ಖಾಸಗಿ ಏಜೆನ್ಸಿಗೆ ಹೋಗುತ್ತೆ, ಸರ್ಕಾರಕ್ಕಲ್ಲ, ಬಿಲ್ಲಲ್ಲಿ ಇದನ್ನ ಸರ್ಕಾರದ ಫೀಸಿಗೆ ಸೇರಿಸಿದ್ರೆ ಒಪ್ಕೋಬೇಡಿ. ಪ್ರೈವೇಟ್ ಕಂಪನಿಗೆ ಕನಿಷ್ಠ 2 ಡೈರೆಕ್ಟರು, 2 ಷೇರುದಾರರು ಇರ್ಬೇಕು, ಅವರೇ ಇವರಾದ್ರೂ ನಡೆಯುತ್ತೆ.

ಆಮೇಲೆ ಹೆಸರು. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಸ್ಪೈಸ್ ಪ್ಲಸ್ ಅನ್ನೋ ಕಂಪನಿ ನೋಂದಣಿ ಫಾರಂನ ಮೊದಲ ಭಾಗದಲ್ಲಿ 2 ಹೆಸರು ಕೊಡ್ಬಹುದು, ಫೀಸು 1000 ರೂಪಾಯಿ. ರಿಜೆಕ್ಟ್ ಆದ್ರೆ ಆ ದುಡ್ಡು ವಾಪಸ್ ಬರಲ್ಲ, ಅದಕ್ಕೆ ಮೊದ್ಲೇ ಅದೇ ಥರದ ಕಂಪನಿ ಹೆಸರು, ಟ್ರೇಡ್‌ಮಾರ್ಕು ಇದ್ಯಾ ಅಂತ ಹುಡುಕಿ ನೋಡಿ. ಒಪ್ಪಿಗೆ ಸಿಕ್ಕ ಹೆಸರು 20 ದಿನ ಮಾತ್ರ ನಿಮ್ಮದಾಗಿರುತ್ತೆ.

ಎರಡನೇ ಭಾಗದಲ್ಲೇ ನಿಜವಾದ ಲೆಕ್ಕ ಇರೋದು. ಆಥರೈಸ್ಡ್ ಕ್ಯಾಪಿಟಲ್ 15 ಲಕ್ಷದವರೆಗೆ ಇದ್ರೆ ನೋಂದಣಿ ಫೀಸು ಸೊನ್ನೆ, 2019ರಿಂದ ಹೀಗಿದೆ. ಈ ಕ್ಯಾಪಿಟಲ್ ಅಂದ್ರೆ ಕೈಲಿರೋ ದುಡ್ಡಲ್ಲ ಕಣ್ರೀ, ಎಷ್ಟರವರೆಗೆ ಷೇರು ಕೊಡ್ಬಹುದು ಅನ್ನೋ ಮಿತಿ ಅಷ್ಟೇ, ಕನಿಷ್ಠ ಬಂಡವಾಳ ಇಷ್ಟಿರ್ಬೇಕು ಅನ್ನೋ ನಿಯಮಾನ 2015ರಲ್ಲೇ ತೆಗೆದಿದ್ದಾರೆ. ಭಾವ "ದೊಡ್ಡದಾಗಿ ಕಾಣ್ಲಿ, 50 ಲಕ್ಷ ಹಾಕೋಣ" ಅಂದಿದ್ರು, ನಾನು ಬೇಡ ಅಂದೆ. ಮುಂದೆ ಬೇಕಾದಾಗ ಫೀಸು ಕಟ್ಟಿ ಏರಿಸ್ಕೋಬಹುದು.

ಆದ್ರೆ ಫೀಸು ಸೊನ್ನೆ ಅಂದ ಮಾತ್ರಕ್ಕೆ ಖರ್ಚು ಸೊನ್ನೆ ಅಲ್ಲ. ಮೆಮೊರಾಂಡಮ್ಮು (ಕಂಪನಿಯ ಉದ್ದೇಶ ಬರೆದಿರೋ ಪತ್ರ), ಆರ್ಟಿಕಲ್ಸ್ (ಒಳಗಿನ ನಿಯಮಗಳ ಪತ್ರ) ಎರಡಕ್ಕೂ ಸ್ಟಾಂಪ್ ಡ್ಯೂಟಿ ಇದೆ, ಅದು ರಾಜ್ಯದ್ದು, ನಿಮ್ಮ ಆಫೀಸು ಕರ್ನಾಟಕದಲ್ಲಿದ್ರೆ ಇಲ್ಲಿನ ರೇಟು. ಕ್ಯಾಪಿಟಲ್ ಎಷ್ಟು ಅಂತ ತುಂಬಿದ ಮೇಲೆ ಪೋರ್ಟಲ್ಲೇ ಲೆಕ್ಕ ತೋರಿಸುತ್ತೆ. ಪ್ಯಾನ್, ಟ್ಯಾನ್ (ಟಿಡಿಎಸ್ ಕಟ್ಟೋಕೆ ಬೇಕಾದ ನಂಬರು) ಎರಡೂ ಸೇರಿ ಇನ್ನೂರು ರೂಪಾಯಿ ಒಳಗೆ. ಜಿಎಸ್‌ಟಿ ನಂಬರಿಗೆ ಸರ್ಕಾರದ ಫೀಸೇ ಇಲ್ಲ.

ದುಡ್ಡು ಕಟ್ಟಿದ್ಮೇಲೆ ಚಲನ್ ಬರುತ್ತೆ, ಬೇರೆಯವರ ಕೈಲಿ ಮಾಡಿಸಿದ್ರೆ ಅದರ ಪಿಡಿಎಫ್ ಕೇಳಿ ಇಸ್ಕೊಳ್ಳಿ. ಉಳಿದಿದ್ದು ಅವರ ಕೂಲಿ, ಅದನ್ನ ಕೊಡೋದ್ರಲ್ಲಿ ತಪ್ಪಿಲ್ಲ, ಬಿಲ್ಲಲ್ಲಿ ಬೇರೆಯಾಗಿ ಬರೀಲಿ ಅಷ್ಟೇ.

ಒಂದು ಚಿಕ್ಕ ವಿಷಯ, ಆಫೀಸ್ ವಿಳಾಸಕ್ಕೆ ಕೊಡೋ ಬೆಸ್ಕಾಂ ಬಿಲ್ಲು 2 ತಿಂಗಳಿಗಿಂತ ಹಳೇದಿರ್ಬಾರ್ದು. ನಾವು ಡ್ರಾಯರಲ್ಲಿ ಸಿಕ್ಕಿದ್ದ ಹಳೇ ಬಿಲ್ಲೇ ಹಾಕಿ, ಫಾರಂ ತಿದ್ದಿ ಮತ್ತೆ ಕಳಿಸ್ಬೇಕಾಯ್ತು.

ಸರ್ಟಿಫಿಕೇಟ್ ಬಂದ್ಮೇಲೆ 180 ದಿನದೊಳಗೆ ಐಎನ್‌ಸಿ-20ಎ, ಅಂದ್ರೆ ವ್ಯವಹಾರ ಶುರು ಮಾಡೋ ಘೋಷಣೆಯ ಫಾರಂ, ಫೈಲ್ ಮಾಡ್ಬೇಕು. ಷೇರಿನ ದುಡ್ಡು ಕಂಪನಿ ಖಾತೆಗೆ ಬಿದ್ದಿರೋ ಬ್ಯಾಂಕ್ ಸ್ಟೇಟ್‌ಮೆಂಟ್ ಅದಕ್ಕೆ ಹಾಕ್ಬೇಕು, ಸಣ್ಣ ಕಂಪನಿಗೆ ಫೀಸು ಕೆಲವು ನೂರು ರೂಪಾಯಿ ಅಷ್ಟೇ. ಮರೆತ್ರೆ ಕಂಪನಿಗೆ 50,000ದವರೆಗೆ ದಂಡ, ಡೈರೆಕ್ಟರಿಗೆ ದಿನಕ್ಕೆ 1000ದಂತೆ 1 ಲಕ್ಷದವರೆಗೆ ಬೇರೆ.