ರೊಟ್ಟಿ ಎಣಿಸಬೇಡಿ, ಹಿಟ್ಟು ತೂಗಿ

ಇನ್ಸುಲಿನ್ ಶುರುವಾದ ಹೊಸದರಲ್ಲಿ ನನ್ನ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟು: ಇಡ್ಲಿ ಎರಡು, ಚಪಾತಿ ಎರಡು, ಅನ್ನ ಒಂದು ಕಪ್. ತೀರ್ಥಹಳ್ಳಿ ಕಡೆಯ ನಮ್ಮನೆಯಲ್ಲಿ ಬೆಳಗ್ಗೆ ಆಗುವುದು ಕಡುಬು, ಇಲ್ಲಾ ಅಕ್ಕಿ ರೊಟ್ಟಿ. ಅಮ್ಮನ ರೊಟ್ಟಿ ಅಂಗೈಗಿಂತ ಸ್ವಲ್ಪ ದೊಡ್ಡದು, ಅತ್ತೆ ತಟ್ಟಿದರೆ ಕಾವಲಿ ತುಂಬ. ಎರಡಕ್ಕೂ ಹೆಸರು ‘ಒಂದು ರೊಟ್ಟಿ’ನೇ. ಆದರೆ ಒಂದರಲ್ಲಿ 25 ಗ್ರಾಂ ಕಾರ್ಬ್ (ಶುಗರ್ ಏರಿಸುವ ಪಿಷ್ಟ, ಸಕ್ಕರೆ) ಇದ್ದರೆ ಇನ್ನೊಂದರಲ್ಲಿ 50. ಅದೇ ಡೋಸ್ ಹಾಕಿಕೊಂಡು ಶುಗರ್ ಯಾಕೆ ಹೀಗೆ ಕುಣಿಯುತ್ತೆ ಅಂತ ತಲೆ ಕೆಡಿಸಿಕೊಂಡರೆ ಏನು ಪ್ರಯೋಜನ?

ಅದಕ್ಕೇ ನಾನು ಬೇಯಿಸುವ ಮೊದಲೇ ತೂಗುತ್ತೇನೆ. ಚಿಕ್ಕದೊಂದು ಡಿಜಿಟಲ್ ತಕ್ಕಡಿ ಸಾಕು. ಹಸಿ ಅಕ್ಕಿ, ಅಕ್ಕಿ ತರಿ, ಅಕ್ಕಿ ಹಿಟ್ಟು, ಯಾವುದೇ ಆಗಲಿ 100 ಗ್ರಾಂಗೆ ಸುಮಾರು 78 ಗ್ರಾಂ ಕಾರ್ಬ್ ಅಂತ ಹಿಡಿಯಿರಿ. ರಾಗಿ ಹಿಟ್ಟಿಗೆ 67, ಗೋಧಿ ಹಿಟ್ಟಿಗೆ 64. ಅಂದರೆ ರಾಗಿ ಮುದ್ದೆ ತಿಂದರೆ ಇನ್ಸುಲಿನ್ ಬೇಡ ಅನ್ನುವುದೂ, ಕೆಂಪಕ್ಕಿಯಲ್ಲಿ ಶುಗರೇ ಇಲ್ಲ ಅನ್ನುವುದೂ ಸುಮ್ನೆ ಮಾತು. ನಿಧಾನವಾಗಿ ಏರಬಹುದು, ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ.

ನಿನ್ನೆಯ ಕಡುಬನ್ನೇ ನೋಡಿ. ಅಮ್ಮ ತರಿ ತೆಗೆದಿಟ್ಟಾಗ ತೂಗಿದೆ, 300 ಗ್ರಾಂ. ಅಂದರೆ ಪೂರ್ತಿ ಪಾತ್ರೆಗೆ 234 ಗ್ರಾಂ ಕಾರ್ಬ್. ಉಂಡೆ ಕಟ್ಟಿ ಹಬೆಯಲ್ಲಿ ಇಟ್ಟದ್ದು 14. ಭಾಗಿಸಿದರೆ ಒಂದಕ್ಕೆ ಹತ್ತಿರತ್ತಿರ 17. ನೀರು ಎಷ್ಟು ಹಾಕಿದರು, ಎಷ್ಟು ಹೊತ್ತು ಬೆಂದಿತು ಅನ್ನುವ ತಲೆನೋವೇ ಇಲ್ಲ, ಯಾಕೆಂದರೆ ನೀರಿನಲ್ಲಿ ಕಾರ್ಬ್ ಇಲ್ಲ. ಮೂರು ತಿಂದೆ, 51. ಜತೆಗೆ ಸಕ್ಕರೆ ಇಲ್ಲದ ಕಾಫಿಗೆ ಹಾಲು 100 ಮಿಲಿ, 5. ಒಟ್ಟು 56. (‘ಉಂಡೆ ಸಮ ಕಟ್ಟು’ ಅಂದಿದ್ದಕ್ಕೆ ಅಮ್ಮ ಒಂದು ವಾರ ಗುರಾಯಿಸಿದರು. ಈಗ ಅವರೇ ಎಣಿಸಿ ಹೇಳುತ್ತಾರೆ.)

ಅನ್ನಕ್ಕೂ ಇದೇ ದಾರಿ. 200 ಗ್ರಾಂ ಅಕ್ಕಿ ಅಂದರೆ 156 ಗ್ರಾಂ ಕಾರ್ಬ್. ಬೆಂದ ಮೇಲೆ ಅನ್ನ 600 ಗ್ರಾಂ ತೂಗಿದರೆ 100 ಗ್ರಾಂ ಅನ್ನಕ್ಕೆ 26. ನಾಲ್ಕು ದಿನ ತಟ್ಟೆಗೆ ಬಡಿಸಿಕೊಂಡು ತೂಗಿ ನೋಡಿ, ಆಮೇಲೆ ನಿಮ್ಮನೆ ಸೌಟಿಗೆ ಎಷ್ಟು ಅಂತ ಕಣ್ಣೇ ಹೇಳುತ್ತದೆ.

ಇನ್ನು ಯೂನಿಟ್, ಅಂದರೆ ಇನ್ಸುಲಿನ್‌ನ ಅಳತೆ. ಒಂದು ಯೂನಿಟ್ ಎಷ್ಟು ಗ್ರಾಂ ಕಾರ್ಬನ್ನು ನೋಡಿಕೊಳ್ಳುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಇದನ್ನು ಡಾಕ್ಟರ್ ಹತ್ತಿರವೇ ಗೊತ್ತು ಮಾಡಿಕೊಳ್ಳಿ. ಬಹಳ ಜನ ಡಾಕ್ಟರುಗಳು ಶುರುವಿಗೆ 500ನ್ನು ದಿನದ ಒಟ್ಟು ಯೂನಿಟ್‌ನಿಂದ ಭಾಗಿಸುತ್ತಾರೆ. ದಿನಕ್ಕೆ 40 ಯೂನಿಟ್ ಹಾಕಿಕೊಳ್ಳುವವರಿಗೆ ಅದು 12.5 ಆಗುತ್ತದೆ. ನನ್ನದು 12. ಹಾಗಾಗಿ 56ಕ್ಕೆ ನಾಲ್ಕೂವರೆ ಮೇಲೆ ಬಂತು, ಐದು ಹಾಕಿದೆ. ತಿಂಡಿ ಆದ ಮೇಲೆ ತೋಟದಲ್ಲಿ ಗುಡ್ಡ ಹತ್ತಿ ಇಳಿಯುವ ಕೆಲಸ ಇದ್ದರೆ ನಾಲ್ಕೇ ಹಾಕುತ್ತೇನೆ, ಇದೂ ಡಾಕ್ಟರ್ ಹತ್ತಿರ ಮಾತಾಡಿಯೇ. ಊಟಕ್ಕೆ ಮೊದಲೇ ಶುಗರ್ ಜಾಸ್ತಿ ಇದ್ದರೆ ಇಳಿಸಲು ಹಾಕುವ ಯೂನಿಟ್ ಬೇರೆ ಲೆಕ್ಕ, ಅದನ್ನು ಇದರೊಳಗೆ ಕಲಸಬೇಡಿ.

ಒಂದು ಮಾತು. ಈ ಲೆಕ್ಕ ಊಟಕ್ಕೊಂದು ಸಲ ಬೇಗ ಕೆಲಸ ಮಾಡುವ ಇನ್ಸುಲಿನ್ ಹಾಕಿಕೊಳ್ಳುವವರಿಗೆ. ಬೆಳಗ್ಗೆ ಸಂಜೆ ಎರಡೇ ಸಲ 30/70 ಮಿಕ್ಸ್ (ಬೇಗ ಮತ್ತು ನಿಧಾನ ಕೆಲಸ ಮಾಡುವ ಇನ್ಸುಲಿನ್ ಬೆರೆಸಿದ್ದು) ಹಾಕುವವರು ಊಟ ನೋಡಿಕೊಂಡು ಯೂನಿಟ್ ಏರಿಳಿಸಬಾರದು. ಅವರಿಗೆ ಎಣಿಕೆಯ ಉಪಯೋಗ ಬೇರೆ: ದಿನವೂ ಅದೇ ಹೊತ್ತಿಗೆ ಹತ್ತಿರತ್ತಿರ ಅಷ್ಟೇ ಕಾರ್ಬ್ ತಿನ್ನುವುದು. ಮತ್ತೆ, ಇನ್ಸುಲಿನ್ ಬಾಟಲಿ 40ರದ್ದಾದರೆ (ಒಂದು ಮಿಲಿಗೆ 40 ಯೂನಿಟ್) ಸಿರಿಂಜೂ 40ರದ್ದೇ, ಕೆಂಪು ಮುಚ್ಚಳದ್ದು. 100ರ ಕೇಸರಿ ಮುಚ್ಚಳದ ಸಿರಿಂಜ್ ಹಾಕಿದರೆ ಇಷ್ಟೊತ್ತು ಮಾಡಿದ ಲೆಕ್ಕವೆಲ್ಲ ನೀರಿಗೆ.

ನಮ್ಮ ಕಡೆ ಕೈ ಕೊಡುವ ತಿಂಡಿಗಳೂ ಇವೆ. ಪತ್ರೊಡೆ ಸೊಪ್ಪಲ್ವಾ ಅಂತ ಬಿಡಬೇಡಿ, ಸೊಪ್ಪಿಗೆ ಸವರಿರುವುದು ಅಕ್ಕಿ ಹಿಟ್ಟು. ದೋಸೆಗೆ ಹಾಕಿಕೊಳ್ಳುವ ಜೋನಿ ಬೆಲ್ಲ (ಗಟ್ಟಿಯಾಗದ ನೀರು ಬೆಲ್ಲ) ಒಂದು ದೊಡ್ಡ ಚಮಚಕ್ಕೆ 15 ಗ್ರಾಂ ಹಿಡಿಯಿರಿ, ಅದೂ ಯಾರೂ ಒಂದೇ ಚಮಚ ಹಾಕಿಕೊಳ್ಳುವುದಿಲ್ಲ. ಹಲಸಿನ ತೊಳೆಯನ್ನು ಬೀಜ ತೆಗೆದು ತೂಗಿ, 100 ಗ್ರಾಂಗೆ ನಾನು 20 ಹಿಡಿಯುತ್ತೇನೆ. ಕಳಲೆ ಪಲ್ಯ, ಬೆಲ್ಲ ಹಾಕದ ತಂಬುಳಿ, ಮೀನು ಸಾರು, ಇವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತುಪ್ಪ ಸುರಿದ ಹೋಳಿಗೆ ಮಾತ್ರ ಮೋಸ. ತಿಂದು ಎರಡು ಗಂಟೆಗೆ ನೋಡಿದಾಗ ಶುಗರ್ ಒಳ್ಳೆಯವರ ಹಾಗೆ ಕೂತಿರುತ್ತೆ, ನಾಲ್ಕನೇ ಗಂಟೆಗೆ ಏರುತ್ತದೆ.

ಮದುವೆಮನೆಯಲ್ಲಿ ಅನ್ನದ ಅಂದಾಜಿಗಿಂತ ಕಷ್ಟ ಪಂಕ್ತಿಯದ್ದು. ಒಂದು ಸಲ ‘ಮುಂದಿನ ಪಂಕ್ತಿ ನಮ್ಮದೇ’ ಅಂದಿದ್ದನ್ನು ನಂಬಿ ಕೈತೊಳೆಯುವ ಜಾಗದಲ್ಲೇ ಆರು ಯೂನಿಟ್ ಚುಚ್ಚಿಕೊಂಡೆ. ಗಂಡಿನ ಕಡೆಯವರ ಬಸ್ಸು ಬಂತು, ಪಂಕ್ತಿ ಅವರಿಗೆ ಹೋಯಿತು. ಮುಕ್ಕಾಲು ಗಂಟೆ ಕಳೆಯಿತು. ಬೆವರು, ಕೈ ನಡುಕ, ಎದುರಿಗಿದ್ದ ಭಾವ ಏನೋ ಕೇಳುತ್ತಿದ್ದಾರೆ, ನನಗೆ ಮಾತೇ ಹೊರಡದು. ಮೀಟರಿನಲ್ಲಿ 58. ಅಡುಗೆಭಟ್ಟರ ಹತ್ತಿರ ಓಡಿ ಸಕ್ಕರೆ ತಂದುಕೊಟ್ಟಿದ್ದು ಭಾವನೇ. ಶುಗರ್ 70ಕ್ಕಿಂತ ಇಳಿದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ ಆಸ್ಪತ್ರೆಗೆ. ಅವತ್ತಿನಿಂದ ನಾನು ಎಲೆ ಹಾಸಿ ಉಪ್ಪು ಉಪ್ಪಿನಕಾಯಿ ಬಡಿಸಿ, ಪಲ್ಯದವರು ಸಾಲಿನ ತುದಿಯಲ್ಲಿ ಕಂಡ ಮೇಲೆಯೇ ಇನ್ಸುಲಿನ್ ಪೆನ್ ತೆಗೆಯುವುದು.