ಬಳಸಿದ ಬೇಸ್ ಗಿಟಾರ್: ಕೊಳ್ಳುವುದು ನೆಕ್ಕನ್ನು, ಉಳಿದದ್ದು ಬಿಡಿಭಾಗ

ಬೆಂಗಳೂರಿನ ಆರ್ಕೆಸ್ಟ್ರಾಗಳಲ್ಲಿ ಹಲವು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಗಣೇಶೋತ್ಸವಕ್ಕೆ ಆರಂಭವಾಗುವ ನಮ್ಮ ಓಡಾಟ ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ನಿಲ್ಲುವುದಿಲ್ಲ. ಇಷ್ಟೂ ಕಾಲ ನನ್ನ ಕೈಯಲ್ಲಿದ್ದ ವಾದ್ಯಗಳೆಲ್ಲ ಬೇರೆಯವರು ನುಡಿಸಿ ಬಿಟ್ಟವೇ. ಪರಿಚಯದ ಹುಡುಗರು ಬಳಸಿದ ಬೇಸ್ ಕೊಳ್ಳುವಾಗ ನನ್ನನ್ನು ಜೊತೆಗೆ ಕರೆದೊಯ್ಯುವುದೂ ಈಗ ರೂಢಿಯಾಗಿದೆ. ಅವರೆಲ್ಲರಿಗೂ ನಾನು ಹೇಳುವುದು ಒಂದೇ ಮಾತು: ಹಣ ಕೊಟ್ಟು ತರುವುದು ನೆಕ್ಕನ್ನು, ಅಂದರೆ ಎಡಗೈ ಬೆರಳುಗಳು ಓಡಾಡುವ ಉದ್ದನೆಯ ಕತ್ತನ್ನು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್, ತಂತಿಗಳ ಬುಡವನ್ನು ಹಿಡಿದಿಡುವ ಬ್ರಿಡ್ಜ್, ಟ್ಯೂನಿಂಗ್ ಕೀ, ಬಣ್ಣ, ಇವೆಲ್ಲವನ್ನೂ ಆಮೇಲೆ ಬದಲಾಯಿಸಬಹುದು ಅಥವಾ ಸಹಿಸಿಕೊಳ್ಳಬಹುದು; ತಿರುಚಿಕೊಂಡ ನೆಕ್ಕನ್ನು ಮಾತ್ರ ಸುಲಭವಾಗಿ ಎರಡೂ ಮಾಡಲಾಗುವುದಿಲ್ಲ.

ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಿಸಿಷನ್ ಬೇಸ್ ಹೊರತಂದಾಗ ನಿಗದಿಪಡಿಸಿದ 34 ಅಂಗುಲದ ತಂತಿಯ ಉದ್ದವೇ ಇಂದಿಗೂ ಬಹುಪಾಲು ಬೇಸ್‌ಗಳ ಅಳತೆಯಾಗಿದೆ. ಆ ಉದ್ದಕ್ಕೆ ಸಾಮಾನ್ಯ ಗಾತ್ರದ ನಾಲ್ಕು ತಂತಿಗಳನ್ನು ಇ, ಎ, ಡಿ, ಜಿ ಎಂದು ಶ್ರುತಿ ಮಾಡಿದರೆ ಅವುಗಳ ಒಟ್ಟು ಎಳೆತ ಸುಮಾರು 80 ಕೆ.ಜಿ. ಆಗುತ್ತದೆ. ವಾದ್ಯ ಮೂಲೆಯಲ್ಲಿ ಸುಮ್ಮನೆ ನಿಂತಿದ್ದರೂ ಈ ಎಳೆತಕ್ಕೆ ಬಿಡುವಿಲ್ಲ. ಅದಕ್ಕೆ ಎದುರಾಗಿ ನಿಲ್ಲುವುದು ನೆಕ್ಕಿನ ಮರ ಮತ್ತು ಅದರೊಳಗೆ ಹೂತಿಟ್ಟ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ಸರಳಿನ ತುದಿಯ ನಟ್ಟು ಬಿಗಿ ಮಾಡಿದರೆ ನೆಕ್ ನೆಟ್ಟಗಾಗುತ್ತದೆ, ಸಡಿಲಿಸಿದರೆ ತಂತಿಯ ಎಳೆತಕ್ಕೆ ಬಾಗುತ್ತದೆ. ಒಳ್ಳೆಯ ಸರಳು ಇನ್ನೂ ಎರಡೂ ಕಡೆಗೆ ತಿರುಗುವಂತಿರಬೇಕು. ಹಿಂದಿನವರು ಅದನ್ನು ಪೂರ್ತಿ ಬಿಗಿದು, ಇನ್ನು ತಿರುಗಲು ಜಾಗವೇ ಇಲ್ಲದಂತೆ ಮಾಡಿದ್ದರೆ ಆ ವಾದ್ಯದ ಆಯುಷ್ಯವನ್ನು ಅವರೇ ಬಳಸಿ ಮುಗಿಸಿದ್ದಾರೆ ಎಂದೇ ಅರ್ಥ.

ಮಾರುವವರ ಮನೆಗೆ ಹೋದ ಕೂಡಲೇ ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಜೋಡಿಸಿ ನುಡಿಸಲು ನಾನು ಒಪ್ಪುವುದಿಲ್ಲ, ಏಕೆಂದರೆ ಸದ್ದು ಕೇಳಿದ ಮೇಲೆ ಕಣ್ಣು ಮಂಕಾಗುತ್ತದೆ. ಮೊದಲು ವಾದ್ಯವನ್ನು ಶ್ರುತಿಗೆ ತರುತ್ತೇನೆ. ತಂತಿ ಸಡಿಲವಿರುವ ನೆಕ್ಕನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಆಮೇಲೆ ಬಡಗಿ ಹಲಗೆಯ ಅಂಚನ್ನು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ವಾದ್ಯದ ತಲೆಯ ಕಡೆಯಿಂದ ಬ್ರಿಡ್ಜಿನ ಕಡೆಗೆ ಫ್ರೆಟ್‌ಗಳ, ಅಂದರೆ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ಸಾಲನ್ನು ನೋಡುತ್ತೇನೆ. ಮೊದಲ ಫ್ರೆಟ್ಟೂ ಕೊನೆಯ ಫ್ರೆಟ್ಟೂ ಒಂದಕ್ಕೊಂದು ಸಮಾನಾಂತರವಾಗಿ ಕಾಣದೆ, ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ವಾಲಿದಂತೆ ಕಂಡರೆ ನೆಕ್ ತಿರುಚಿದೆ. ಟ್ರಸ್ ರಾಡ್ ಬಾಗನ್ನು ಸರಿಪಡಿಸುತ್ತದೆಯೇ ಹೊರತು ತಿರುಚನ್ನಲ್ಲ. ಅಲ್ಲಿಗೆ ಮಾತುಕತೆ ಮುಗಿಯಿತು.

ಬಾಗನ್ನು ಅಳೆಯಲು ತಂತಿಯೇ ಸಾಕು. ಇ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್ಟಿನಲ್ಲಿ, ಬಲಗೈಯಿಂದ ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದರೆ ನಡುವಿನ ತಂತಿ ಒಂದು ನೇರ ಗೆರೆಯಾಗುತ್ತದೆ. ಆಗ ಎಂಟನೆಯ ಫ್ರೆಟ್ಟಿನ ಮೇಲೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಜೇಬಿನಲ್ಲಿರುವ ವಿಸಿಟಿಂಗ್ ಕಾರ್ಡನ್ನು ಜೊತೆಗಿದ್ದವರಿಂದ ಆ ಸಂದಿನಲ್ಲಿ ತೂರಿಸಿ ನೋಡುತ್ತೇನೆ: ತಂತಿಯನ್ನು ಎತ್ತದೆ ಅದು ಸಣ್ಣಗೆ ತಾಗಿಕೊಂಡು ಹೋದರೆ ಸರಿ. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ. ಮೂರು ಕಾರ್ಡು ಹಿಡಿಸುವಷ್ಟಿದ್ದರೆ ಮುಂದಕ್ಕೆ ಬಾಗಿದೆ. ಎರಡೂ ದೊಡ್ಡ ದೋಷವಲ್ಲ, ಸರಳು ಕೆಲಸ ಮಾಡುತ್ತಿದ್ದರೆ ಮಾತ್ರ. ಅದನ್ನು ಖಚಿತಪಡಿಸಿಕೊಳ್ಳಲು ಮಾಲೀಕರ ಅನುಮತಿ ಕೇಳಿ, ನಟ್ಟಿಗೆ ಸರಿಯಾಗಿ ಕೂರುವ ಅಲೆನ್ ಕೀ ಹಾಕಿ, ಮೊದಲು ಸ್ವಲ್ಪ ಸಡಿಲಿಸಿ ನಂತರ ಅಷ್ಟೇ ಬಿಗಿಯುತ್ತೇನೆ. ಇದಕ್ಕೆ ಒಪ್ಪದ ಮಾಲೀಕರನ್ನು ನಾನು ದೂರುವುದಿಲ್ಲ, ಆದರೆ ಅಂಥವರಿಂದ ಕೊಳ್ಳುವುದೂ ಇಲ್ಲ.

ನಂತರದ ಕೆಲಸ ತಾಳ್ಮೆಯದು. ಪ್ರತಿ ತಂತಿಯ ಪ್ರತಿ ಫ್ರೆಟ್ಟಿನಲ್ಲೂ ಒಂದೊಂದು ಸ್ವರ ನುಡಿಸಿ, ಅದು ತಾನಾಗಿ ಆರುವವರೆಗೆ ಕೇಳಬೇಕು. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ಟಿನ ನಡುವೆ ಒಂದು ಸ್ವರ ಬೇಗನೆ ಸತ್ತುಹೋಗುವುದುಂಟು. ಆ ಕಂಪನಸಂಖ್ಯೆಯಲ್ಲಿ ನೆಕ್ಕೇ ಕಂಪಿಸಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುವುದು ಇದಕ್ಕೆ ಕಾರಣ. ಹೊಸ, ದುಬಾರಿ ವಾದ್ಯಗಳಲ್ಲೂ ಇದು ಇರುವುದರಿಂದ ಇದಕ್ಕಾಗಿ ವಾದ್ಯವನ್ನು ತಿರಸ್ಕರಿಸಬೇಕಿಲ್ಲ, ಆದರೆ ಎಷ್ಟರ ಮಟ್ಟಿಗೆ ಇದೆ ಎಂಬುದು ತಿಳಿದಿರಬೇಕು. ಒಂದು ಫ್ರೆಟ್ಟಿನಲ್ಲಿ ಒತ್ತಿದಾಗ ಅದರ ಮುಂದಿನ ಫ್ರೆಟ್ಟಿಗೆ ತಂತಿ ತಾಗಿ ಗರಗರ ಎಂದರೆ ಮುಂದಿನದು ಎದ್ದಿದೆ ಅಥವಾ ಒತ್ತಿದ್ದು ಸವೆದಿದೆ. ಮೊದಲ ಐದು ಫ್ರೆಟ್‌ಗಳಲ್ಲಿ ತಂತಿಯ ಕೆಳಗೆ ಸಣ್ಣ ಗುಳಿ ಬಿದ್ದಿರುವುದು ಸಹಜ. ಉಗುರಿಗೆ ಸಿಗುವಷ್ಟು ಆಳವಾಗಿದ್ದರೆ ಫ್ರೆಟ್‌ಗಳನ್ನು ಮಟ್ಟ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ವಾದ್ಯ ಯಾವ ಊರಿನಲ್ಲಿ ಇತ್ತು ಎಂದು ಕೇಳುವುದನ್ನು ನಾನು ಮರೆಯುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಬೇಸ್‌ಗಳಲ್ಲಿ ಮರ ಚೆನ್ನಾಗಿದ್ದರೂ ಕಡಲ ಗಾಳಿಗೆ ಬ್ರಿಡ್ಜಿನ ಸಣ್ಣ ತಿರುಪುಗಳು ತುಕ್ಕು ಹಿಡಿದು ಕೂತಿರುತ್ತವೆ. ಅವು ತಿರುಗದಿದ್ದರೆ ತಂತಿಯ ಎತ್ತರವನ್ನೂ ಹೊಂದಿಸಲಾಗದು, ಹನ್ನೆರಡನೆಯ ಫ್ರೆಟ್ಟಿನಲ್ಲಿ ಶ್ರುತಿಯನ್ನೂ ಸರಿಪಡಿಸಲಾಗದು. ತೇವದ ಊರಿನಲ್ಲಿದ್ದ ವಾದ್ಯವನ್ನು ಕಲಬುರಗಿಯಂಥ ಒಣ ಬಿಸಿಲಿನ ಊರಿಗೆ ಒಯ್ದರೆ ಫ್ರೆಟ್‌ಬೋರ್ಡಿನ ಮರ ಕುಗ್ಗಿ, ಫ್ರೆಟ್‌ಗಳ ತುದಿ ಅಂಚಿನಿಂದ ಹೊರಗೆ ಇಣುಕುತ್ತದೆ. ನೆಕ್ಕಿನ ಅಂಚಿನ ಮೇಲೆ ಮೇಲಿನಿಂದ ಕೆಳಗೆ ಅಂಗೈ ಜಾರಿಸಿದರೆ ಇದು ಚರ್ಮಕ್ಕೇ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಆ ವಾದ್ಯ ನಿಮಗೆ ಹೊಂದುತ್ತದೆಯೇ ಎಂಬುದು ನಿಮ್ಮ ಬಲಗೈಯನ್ನು ಅವಲಂಬಿಸಿದೆ. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಧ್ವನಿಮುದ್ರಿಕೆಗಳಲ್ಲಿ ನುಡಿಸಿದ ಜೇಮ್ಸ್ ಜೇಮರ್‌ಸನ್ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಅವರ ಪ್ರಿಸಿಷನ್ ಬೇಸ್‌ನಲ್ಲಿದ್ದದ್ದು ದಪ್ಪನೆಯ, ನುಣುಪು ಮೈಯ ಫ್ಲಾಟ್‌ವೌಂಡ್ ತಂತಿಗಳು, ಅವನ್ನು ಬದಲಾಯಿಸಲು ಅವರು ಮನಸ್ಸು ಮಾಡುತ್ತಿರಲಿಲ್ಲ. ಅಮೆರಿಕದ ಇನ್ನೊಬ್ಬ ಬೇಸ್ ವಾದಕ ಲ್ಯಾರಿ ಗ್ರಹಾಂ ತಾಯಿಯ ಜೊತೆ ನುಡಿಸುತ್ತಿದ್ದಾಗ ಡ್ರಮ್ಸ್ ಇಲ್ಲದ ಕೊರತೆ ತುಂಬಲು ಹೆಬ್ಬೆರಳಿನಿಂದ ತಂತಿ ಬಡಿದು, ಇನ್ನೊಂದು ಬೆರಳಿನಿಂದ ಎಳೆದು ಬಿಡುವ ಸ್ಲ್ಯಾಪ್ ಶೈಲಿ ರೂಪಿಸಿದರು. ಮೊದಲನೆಯವರ ಹಾದಿ ಹಿಡಿದವರಿಗೆ ತಂತಿ ಸ್ವಲ್ಪ ಎತ್ತರದಲ್ಲಿದ್ದರೂ ಅಡ್ಡಿಯಿಲ್ಲ, ಫ್ರೆಟ್ ಸವೆದಿದ್ದರೂ ನಡೆಯುತ್ತದೆ. ಸ್ಲ್ಯಾಪ್ ನುಡಿಸುವವರಿಗೆ ತಂತಿ ಕೆಳಗಿರಬೇಕು, ಆದ್ದರಿಂದ ಫ್ರೆಟ್‌ಗಳು ಸಮಮಟ್ಟದಲ್ಲಿರಲೇಬೇಕು. ನನಗೆ ಪರವಾಗಿಲ್ಲ ಎನಿಸಿದ ನೆಕ್ ಅವರಿಗೆ ನಿರುಪಯುಕ್ತವಾಗಬಹುದು.

ನನ್ನ ಕೆಲಸ ಹೆಚ್ಚಾಗಿ ಚಿತ್ರಗೀತೆ ಮತ್ತು ಭಾವಗೀತೆಗಳದ್ದು. ಅಲ್ಲಿ ಬೇಸ್‌ನ ಪಕ್ಕದಲ್ಲಿ ಢೋಲಕ್ಕೋ ತಬಲಾದ ಡಗ್ಗಾವೋ ಇರುತ್ತದೆ, ಎರಡೂ ಮಂದ್ರದಲ್ಲಿಯೇ ಗುಂಯ್‌ಗುಡುತ್ತವೆ. ಅವುಗಳ ಜೊತೆ ಬೇಸ್ ಕೂಡ ಉದ್ದಕ್ಕೆ ಮೊಳಗಿದರೆ ಸಭಿಕರಿಗೆ ಕೇಳಿಸುವುದು ಬರೀ ಗದ್ದಲ. ಆದ್ದರಿಂದ ಬ್ರಿಡ್ಜಿನ ಬಳಿ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ಸಿಕ್ಕಿಸಿ, ಎರಡು ಬೆರಳುಗಳಿಂದ ಮೃದುವಾಗಿ ಮೀಟಿ, ಸ್ವರ ಹುಟ್ಟಿದ ಕೂಡಲೇ ಆರುವಂತೆ ನುಡಿಸುತ್ತೇನೆ. ಇಳಯರಾಜಾ ಅವರ ಹಾಡುಗಳು ಬಂದಾಗ ಸ್ಪಂಜು ತೆಗೆಯಬೇಕಾಗುತ್ತದೆ. ಅವುಗಳಲ್ಲಿ ಬೇಸ್ ಮೂಲಸ್ವರವನ್ನು ಹಿಡಿದು ಕೂರದೆ, ಹಾಡಿನ ಜೊತೆಗೆ ತನ್ನದೇ ಇನ್ನೊಂದು ರಾಗದ ಸಾಲಾಗಿ ಓಡುತ್ತದೆ, ಅಲ್ಲಿ ಸ್ವರ ನಿಲ್ಲಬೇಕು. ಇನ್ನೊಂದು ಫಜೀತಿ ಗಾಯಕರ ಶ್ರುತಿಯದು. ವೇದಿಕೆಯ ಮೇಲೆ ನಿಂತು "ಒಂದು ಮನೆ ಇಳಿಸಿ ಸರ್" ಎನ್ನುತ್ತಾರೆ. ಕೀಬೋರ್ಡಿನವರು ಗುಂಡಿ ಒತ್ತಿ ಸುಮ್ಮನಾಗುತ್ತಾರೆ, ನಮ್ಮ ವಾದ್ಯಕ್ಕೆ ಅಂಥ ಗುಂಡಿಯಿಲ್ಲ. ಇ ತಂತಿಗಿಂತ ಕೆಳಗೆ ಹೋಗಬೇಕಾದ ಕಡೆ ಐದು ತಂತಿಯ ಬೇಸ್ ಇದ್ದರೆ 30.9 ಹರ್ಟ್ಸ್‌ನ ಬಿ ತಂತಿ ಒದಗುತ್ತದೆ. ಆದರೆ ಕಡಿಮೆ ಬೆಲೆಯ ಐದು ತಂತಿಯ ಬೇಸ್‌ಗಳಲ್ಲಿ ಈ ಬಿ ತಂತಿಯೇ ಅತ್ಯಂತ ದುರ್ಬಲ. ಅದರ ಸ್ವರ ಮುದ್ದೆಯಾಗಿ ಕೇಳಿದರೆ ನಾಲ್ಕು ತಂತಿಯದನ್ನೇ ಆರಿಸಿಕೊಳ್ಳುವುದು ಲೇಸು.

ಪಿಕಪ್‌ನ ವಿಷಯದಲ್ಲೂ ನಮ್ಮ ವೇದಿಕೆಗಳೇ ತೀರ್ಪು ಕೊಡುತ್ತವೆ. 1957ರಿಂದ ಪ್ರಿಸಿಷನ್ ಬೇಸ್‌ನಲ್ಲಿರುವ ಎರಡು ತುಂಡಿನ ಪಿಕಪ್‌ನಲ್ಲಿ, ಸುತ್ತಲಿನ ವಿದ್ಯುತ್ತಿನಿಂದ ಒಂದರಲ್ಲಿ ಬರುವ ಗುಂಯ್‌ಗುಡುವಿಕೆಯನ್ನು ಇನ್ನೊಂದು ರದ್ದುಗೊಳಿಸುತ್ತದೆ. 1960ರಲ್ಲಿ ಬಂದ ಜಾಝ್ ಬೇಸ್‌ನ ಎರಡು ಪಿಕಪ್‌ಗಳನ್ನೂ ಸಮನಾಗಿ ತೆರೆದಿಟ್ಟರೆ ಅದೇ ಫಲ ಸಿಗುತ್ತದೆ. ಒಂದನ್ನು ಮಾತ್ರ ತೆರೆದರೆ ಸೀರಿಯಲ್ ದೀಪಗಳೂ ಡಿಮ್ಮರ್‌ಗಳೂ ತುಂಬಿದ ಪೆಂಡಾಲಿನಲ್ಲಿ ಹಾಡಿಗಿಂತ ಹೆಚ್ಚಾಗಿ ಗುಂಯ್ಯೆನ್ನುವ ಸದ್ದೇ ಕೇಳುತ್ತದೆ. ಜಾಝ್ ಬೇಸ್‌ನ ಸ್ಪಷ್ಟ ದನಿ ನನಗೂ ಇಷ್ಟವೇ, ಆದರೆ ಅದು ಸ್ಟುಡಿಯೋಕ್ಕೆ. ಪಿಕಪ್ ಬದುಕಿದೆಯೇ ಎಂದು ತಿಳಿಯಲು ಮಲ್ಟಿಮೀಟರ್ ಒಯ್ಯುತ್ತೇನೆ: ವಾಲ್ಯೂಮ್ ಪೂರ್ತಿ ತೆರೆದು ಕೇಬಲ್ಲಿನ ತುದಿಯಲ್ಲಿ ಅಳೆದಾಗ ಪ್ರಿಸಿಷನ್ ಮಾದರಿಯ ಪಿಕಪ್ ಸುಮಾರು 10 ಕಿಲೋ ಓಮ್ ತೋರಿಸಬೇಕು. ವಾಲ್ಯೂಮ್ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಹೆದರಬೇಕಿಲ್ಲ, ಚೌಕಾಸಿಗೆ ಅದು ಬಳಕೆಯಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ 250 ಕಿಲೋ ಓಮ್‌ನ ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗ) ಮತ್ತು ಹೊಸ ಜ್ಯಾಕ್ ತಂದು, ಬೆಸುಗೆ ಹಾಕಲು ಬರುವವರು ಒಂದು ಸಂಜೆಯಲ್ಲಿ ಮುಗಿಸುವ ಕೆಲಸ ಅದು. ಒಳಗೆ ಒಂಬತ್ತು ವೋಲ್ಟ್ ಬ್ಯಾಟರಿಯಿಂದ ನಡೆಯುವ ಸರ್ಕಿಟ್ ಇರುವ ಆಕ್ಟಿವ್ ಬೇಸ್ ಆದರೆ ಸ್ವಂತ ಹೊಸ ಬ್ಯಾಟರಿ ಹಾಕಿಯೇ ಪರೀಕ್ಷಿಸಬೇಕು, ಏಕೆಂದರೆ ಕೇಬಲ್ ಸಿಕ್ಕಿಸಿಯೇ ಇಟ್ಟವರ ಮನೆಯಲ್ಲಿ ಬ್ಯಾಟರಿ ಖಾಲಿಯಾಗಿರುತ್ತದೆ.

ಈಗ ನನ್ನ ಬಳಿ ಇರುವುದು ಫೆಂಡರ್ ಕಂಪನಿಯದೇ ಕಡಿಮೆ ಬೆಲೆಯ ಬ್ರ್ಯಾಂಡ್ ಆದ ಸ್ಕ್ವಯರ್‌ನ ಪ್ರಿಸಿಷನ್. ಅದರ ಸರಣಿ ಸಂಖ್ಯೆ ಐ.ಸಿ.ಎಸ್. ಎಂದು ಆರಂಭವಾಗುತ್ತದೆ, ಅಂದರೆ ಇಂಡೊನೇಷ್ಯಾದ ಕೊರ್-ಟೆಕ್ ಕಾರ್ಖಾನೆಯದು. ಕೆಲಸ ಸಿಕ್ಕಿ ಪುಣೆಗೆ ಹೊರಟಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಅದನ್ನು ಮಾರುತ್ತಿದ್ದರು. ಬಣ್ಣ ಎರಡು ಕಡೆ ಚಕ್ಕೆ ಎದ್ದಿತ್ತು, ಒಂದು ಟ್ಯೂನಿಂಗ್ ಕೀ ಸಡಿಲವಾಗಿತ್ತು, ವಾಲ್ಯೂಮ್ ಕರಕರ ಎನ್ನುತ್ತಿತ್ತು. ನೆಕ್ ಮಾತ್ರ ನೆಟ್ಟಗಿತ್ತು. "ಬಣ್ಣ ಹೋಗಿದೆ ಅಂತ ಯಾರೂ ತಗೊಳ್ತಿಲ್ಲ ಸರ್" ಎಂದು ಅವರೇ ಹೇಳಿದಾಗ ನಾನು ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಇರಲು ಪ್ರಯತ್ನಿಸಿದೆ. ಅವರು 18,000 ರೂಪಾಯಿ ಕೇಳಿದ್ದರು, ರಿಪೇರಿಯ ಲೆಕ್ಕವನ್ನು ಒಂದೊಂದಾಗಿ ತೋರಿಸಿ 14,500ಕ್ಕೆ ಒಪ್ಪಿಸಿದೆ. ಬೆಲೆ ಕೇಳುವ ಮೊದಲೇ ದೋಷಗಳನ್ನು ಎಣಿಸಲು ಹೊರಟರೆ ಮಾಲೀಕರಿಗೆ ಬೇಸರವಾಗುತ್ತದೆ. ಪರೀಕ್ಷೆ ಪೂರ್ತಿ ಮುಗಿಸಿ, ಒಮ್ಮೆಗೇ, ಗೌರವದಿಂದ ಹೇಳಿದರೆ ಹೆಚ್ಚಿನವರು ಇಳಿಯುತ್ತಾರೆ. ತಲೆಯ ಮೇಲೆ ಫೆಂಡರ್ ಎಂದು ಬರೆದಿದ್ದು ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ, ನಾಲ್ಕು ತಿರುಪು ಬಿಚ್ಚಿ ನೆಕ್ಕಿನ ಬುಡ ನೋಡಲು ಕೇಳಿ. ಅಂಟಿಸಿದ ಹೆಸರಿನ ಸ್ಟಿಕ್ಕರ್ ಯಾರು ಬೇಕಾದರೂ ತರಿಸಿಕೊಳ್ಳಬಹುದು, ಬುಡದ ಮುದ್ರೆ ಮತ್ತು ಮರಗೆಲಸ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ವಾದ್ಯಕ್ಕೆ ಇಟ್ಟ ಹಣವೆಲ್ಲ ವಾದ್ಯಕ್ಕೇ ಹೋದರೆ ಆಂಪ್‌ಗೆ ಏನೂ ಉಳಿಯುವುದಿಲ್ಲ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಮನೆಯ ಅಭ್ಯಾಸಕ್ಕೆ ಹೆಡ್‌ಫೋನ್ ಸಾಕು. ವೇದಿಕೆಯಲ್ಲಿ, ವಾದ್ಯದ ಸಂಕೇತವನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡುವ ಡಿಐ ಬಾಕ್ಸಿನ ಮೂಲಕ ನೇರವಾಗಿ ಮಿಕ್ಸರ್‌ಗೆ ಹೋಗುತ್ತೇವೆ. ನಡುವೆ ಉಳಿಯುವ ತಾಲೀಮಿಗೆ ಮಾತ್ರ ಒಂದು ಬೇಸ್ ಆಂಪ್ ಬೇಕು, ಡ್ರಮ್ಸ್ ಇದ್ದರೆ ಅದು 100 ವಾಟ್‌ಗಿಂತ ಕಡಿಮೆಯಿರಬಾರದು. ಲೀಡ್ ಗಿಟಾರಿನ ಆಂಪ್‌ನಲ್ಲಿ ಬೇಸ್ ಜೋರಾಗಿ ನುಡಿಸಿದರೆ ಅದರ ಸ್ಪೀಕರ್ ಹರಿಯಬಹುದು. ತೆರೆದ ಇ ತಂತಿಯ ಮೂಲ ಕಂಪನ 41.2 ಹರ್ಟ್ಸ್, ಸಣ್ಣ ಸ್ಪೀಕರ್‌ಗಳು ಅದನ್ನು ಹೊರಡಿಸುವುದೇ ಇಲ್ಲ, ನಾವು ಕೇಳುವುದು ಅದರ ಎರಡರಷ್ಟಿರುವ 82 ಹರ್ಟ್ಸ್ ಮತ್ತು ಅದಕ್ಕೂ ಮೇಲಿನವು. ಹಾಗಾಗಿ ಚಿಕ್ಕ ಆಂಪ್‌ನಲ್ಲಿ ಮಂದ್ರ ದನಿಯ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸುವುದಕ್ಕಿಂತ ನಡುವಿನ ದನಿಯ ಮಿಡ್ ಗುಂಡಿಯನ್ನು ಸ್ವಲ್ಪ ಏರಿಸಿದರೆ ದನಿ ಹೆಚ್ಚು ಮುಂದೆ ಬರುತ್ತದೆ.

ಬಳಸಿದ ಆಂಪ್ ನೋಡುವಾಗ ಕರೆಂಟ್ ತೆಗೆದು, ಸ್ಪೀಕರಿನ ಕಾಗದದ ಶಂಕುವನ್ನು ಎರಡೂ ಕೈಯ ಬೆರಳುಗಳಿಂದ ಸಮನಾಗಿ ಮೆಲ್ಲಗೆ ಒಳಕ್ಕೆ ಒತ್ತುತ್ತೇನೆ. ಒಳಗೆ ತಿಕ್ಕಿದಂತೆ ಸದ್ದು ಬಂದರೆ ಸುರುಳಿ ಕೆಟ್ಟಿದೆ. ಆಮೇಲೆ ಪ್ಲಗ್ಗಿನ ಮೂರನೆಯ ಪಿನ್ ನೋಡುತ್ತೇನೆ. ಮನೆಯಲ್ಲಿ ಎರಡು ಪಿನ್ನಿನ ಸಾಕೆಟ್ ಇದ್ದುದಕ್ಕೆ ಅರ್ತ್ ಪಿನ್ನನ್ನೇ ಕಿತ್ತು ಹಾಕಿದ ಆಂಪ್‌ಗಳು ಆಗಾಗ ಸಿಗುತ್ತವೆ. ಬೇಸ್‌ನ ತಂತಿಗಳು ಬ್ರಿಡ್ಜಿನ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೆ ಜೋಡಣೆಯಾಗಿರುವುದರಿಂದ, ಸೋರುವ ವಿದ್ಯುತ್ತಿಗೆ ಅರ್ತ್ ದಾರಿ ಇಲ್ಲದಿದ್ದರೆ ತಂತಿ ಹಿಡಿದವರ ತುಟಿ ಮೈಕಿಗೆ ತಾಗಿದ ಕೂಡಲೇ ಅದು ದೇಹದ ಮೂಲಕ ಹರಿಯುತ್ತದೆ. ಮಳೆಯಲ್ಲಿ ನೆನೆದ ಪೆಂಡಾಲಿನಲ್ಲಿ ಇದು ಜೀವಕ್ಕೇ ಅಪಾಯ. ಅಂಥ ಆಂಪ್ ಕೊಂಡರೆ ಮೂರು ತಂತಿಯ ಹೊಸ ಕೇಬಲ್ ಹಾಕಿಸಿ, ಚೌಕಟ್ಟಿಗೂ ಅರ್ತ್ ಪಿನ್ನಿಗೂ ಸಂಪರ್ಕವಿದೆಯೇ ಎಂದು ಮೀಟರ್ ಹಿಡಿದು ನೋಡಿದ ಮೇಲೆಯೇ ಅದಕ್ಕೆ ಬೇಸ್ ಜೋಡಿಸುತ್ತೇನೆ.